ಬಾರ್ಡರ್ ಕೋಲಿಯೋ, ಕೆಲ್ಪಿಯೋ: ಮಂದೆಗೂ ಮನೆಗೂ ಹೊಂದುವ ನಾಯಿ ಯಾವುದು?

ಪ್ರಶ್ನೆ

ಎಲ್ಲರಿಗೂ ನಮಸ್ಕಾರ. ನಾನು 150 ಕುರಿಗಳನ್ನು ಸಾಕಿಕೊಂಡಿದ್ದೇನೆ. ಇಷ್ಟು ದಿನ ನಾನೂ ನನ್ನ ತಮ್ಮನೂ ಸೇರಿ ಮಂದೆಯನ್ನು ಗುಡ್ಡದ ಹುಲ್ಲುಗಾವಲಿನಲ್ಲಿ ಮೇಯಿಸಿ ಸಂಜೆ ದೊಡ್ಡಿಗೆ ಹೊಡೆದುಕೊಂಡು ಬರುತ್ತಿದ್ದೆವು. ಈಗ ತಮ್ಮ ಬೇರೆ ಕೆಲಸಕ್ಕೆ ಸೇರಿರುವುದರಿಂದ ಒಬ್ಬನ ಕೈಯಲ್ಲಿ ಇದು ಸಾಗುತ್ತಿಲ್ಲ. ಬೆಳಿಗ್ಗೆ ಬಿಡುವುದು ಕಷ್ಟವಲ್ಲ. ಸಂಜೆ ಇಳಿಜಾರಿನ ತುಂಬ ಚದುರಿದ ಕುರಿಗಳನ್ನು ಒಂದೆಡೆ ಕೂಡಿಸುವುದೇ ಕಷ್ಟ. ಔಷಧಿ ಕುಡಿಸುವ ದಿನ ಮತ್ತು ಉಣ್ಣೆ ಕತ್ತರಿಸುವ ದಿನಗಳಲ್ಲಂತೂ ದೊಡ್ಡಿಯ ಬಾಗಿಲಲ್ಲಿ ಎಲ್ಲವೂ ಮುದ್ದೆಯಾಗಿ ನಿಂತುಬಿಡುತ್ತವೆ.

ಹಾಗಾಗಿ ಕೆಲಸದ ನಾಯಿಯೊಂದನ್ನು ತರಲು ನಿಶ್ಚಯಿಸಿ, ಓದಿ ಕೇಳಿ ತಿಳಿದ ಮೇಲೆ ಬಾರ್ಡರ್ ಕೋಲಿ ಮತ್ತು ಆಸ್ಟ್ರೇಲಿಯಾದ ಕೆಲ್ಪಿ ಎಂಬ ಎರಡು ತಳಿಗಳಿಗೆ ಬಂದು ನಿಂತಿದ್ದೇನೆ. ಮನೆಯಲ್ಲಿ 6 ಮತ್ತು 9 ವರ್ಷದ ಮಕ್ಕಳಿದ್ದಾರೆ. ನಾಯಿಯು ಹಗಲು ನನ್ನೊಡನೆ ಕೆಲಸ ಮಾಡಿ, ರಾತ್ರಿ ಮನೆಯವರ ನಡುವೆ ಇರಬೇಕೆಂಬುದು ನಮ್ಮೆಲ್ಲರ ಆಸೆ. ಮಂದೆಯ ಕೆಲಸವನ್ನು ನಾಯಿಗೆ ಕಲಿಸಿದ ಅನುಭವ ನನಗಿಲ್ಲ. ಈ ಎರಡನ್ನೂ ಹತ್ತಿರದಿಂದ ಬಲ್ಲವರು ದಯವಿಟ್ಟು ತಿಳಿಸಿಕೊಡಬೇಕು.

ಮೊದಲ ಉತ್ತರ

ಎರಡೂ ತಳಿಗಳ ನಾಯಿಗಳೊಡನೆ ನಾನು ಅನೇಕ ವರ್ಷ ಮಂದೆ ನಡೆಸಿದ್ದೇನೆ. ಮೊದಲು ಒಂದು ಮಾತನ್ನು ಬಿಡಿಸಿ ಹೇಳಬೇಕು. ‘ಕುರಿ ಕಾಯುವ ನಾಯಿ’ ಎಂಬ ನಮ್ಮ ಮಾತಿನಲ್ಲಿ ಎರಡು ಬೇರೆ ಬೇರೆ ಕೆಲಸಗಳು ಬೆರೆತುಕೊಂಡಿವೆ. ತೋಳವನ್ನು ತಡೆಯುವ ಕಾವಲುನಾಯಿ ಬೇರೆ, ಮಂದೆಯನ್ನು ತಿರುಗಿಸಿ ಕೂಡಿಸುವ ನಾಯಿ ಬೇರೆ. ನೀವು ಹೆಸರಿಸಿದ ಎರಡೂ ಈ ಎರಡನೆಯ ಬಗೆಯವು. ಸಾಮಾನ್ಯವಾಗಿ 14ರಿಂದ 20 ಕಿಲೋ ತೂಗುವ ಈ ನಾಯಿಗಳನ್ನು ರಾತ್ರಿ ಮಂದೆಯ ಜೊತೆಗೆ ಬಿಡಬಾರದು. ಕಾಡುಮೃಗ ಬಂದರೆ ಅವುಗಳ ಜೀವಕ್ಕೇ ಅಪಾಯ, ಬರದಿದ್ದರೆ ಯಾರ ಅಂಕೆಯೂ ಇಲ್ಲದೆ ಕುರಿಗಳನ್ನು ಸುತ್ತಿಸಿ ಸುತ್ತಿಸಿ ಬಳಲಿಸುತ್ತವೆ.

ಮೂಲದಲ್ಲಿ ಇವೆರಡೂ ದಾಯಾದಿಗಳು. ಬಾರ್ಡರ್ ಕೋಲಿ ಇಂಗ್ಲೆಂಡ್ ಮತ್ತು ಸ್ಕಾಟ್‌ಲೆಂಡಿನ ಗಡಿಸೀಮೆಯ ನಾಯಿ. ಹೆಸರಿನಲ್ಲಿರುವ ‘ಬಾರ್ಡರ್’ ಆ ಗಡಿಯೇ. ಈಗಿರುವ ಬಾರ್ಡರ್ ಕೋಲಿಗಳ ವಂಶಾವಳಿಯನ್ನು ಹಿಂದಕ್ಕೆ ಹುಡುಕಿಕೊಂಡು ಹೋದರೆ, 1893ರಲ್ಲಿ ನಾರ್ತಂಬರ್‌ಲೆಂಡಿನ ಆಡಂ ಟೆಲ್ಫರ್ ಅವರಲ್ಲಿ ಹುಟ್ಟಿದ ಓಲ್ಡ್ ಹೆಂಪ್ ಎಂಬ ಗಂಡುನಾಯಿಯ ಬಳಿಗೆ ಬಂದು ತಲುಪುತ್ತೇವೆ. ಗದ್ದಲ ಮಾಡದೆ, ಬರಿಯ ನೋಟದಿಂದಲೇ ಕುರಿಗಳನ್ನು ಸರಿಸುತ್ತಿದ್ದ ಅದರ ರೀತಿ ಕುರಿಗಾಹಿಗಳಿಗೆ ಎಷ್ಟು ಹಿಡಿಸಿತೆಂದರೆ, ಕ್ರಮೇಣ ಅದೇ ಇಡೀ ತಳಿಯ ಗುರುತಾಯಿತು. ಕೆಲ್ಪಿಯ ಪೂರ್ವಿಕರು ಸ್ಕಾಟ್‌ಲೆಂಡಿನಿಂದ ಆಸ್ಟ್ರೇಲಿಯಾಕ್ಕೆ ಹೋದ ಕೋಲಿಗಳು. ವಿಕ್ಟೋರಿಯಾದ ಕಾಸ್ಟರ್‌ಟನ್ ಹತ್ತಿರ, 1870ರ ಸುಮಾರಿಗೆ ಹುಟ್ಟಿದ ಒಂದು ಹೆಣ್ಣುಮರಿಯನ್ನು ಜ್ಯಾಕ್ ಗ್ಲೀಸನ್ ಎಂಬಾತ ಕುದುರೆಯೊಂದನ್ನು ಕೊಟ್ಟು ಪಡೆದುಕೊಂಡು, ಸ್ಕಾಟಿಷ್ ಜನಪದ ಕಥೆಗಳಲ್ಲಿ ಬರುವ ಜಲಭೂತದ ಹೆಸರನ್ನೇ ಅದಕ್ಕಿಟ್ಟ. ಕೆಲ್ಪಿಯಲ್ಲಿ ಆಸ್ಟ್ರೇಲಿಯಾದ ಕಾಡುನಾಯಿಯಾದ ಡಿಂಗೊದ ರಕ್ತವಿದೆ ಎಂದು ಹೇಳುವವರು ಈಗಲೂ ಸಿಗುತ್ತಾರೆ. 2019ರಲ್ಲಿ ಪ್ರಕಟವಾದ ವಂಶವಾಹಿ ಅಧ್ಯಯನದಲ್ಲಿ ಅದಕ್ಕೆ ಪುರಾವೆ ಸಿಕ್ಕಿಲ್ಲ.

ದಾಯಾದಿಗಳಾದರೂ ದುಡಿದ ನೆಲ ಬೇರೆಯಾದ್ದರಿಂದ ಕೆಲಸದ ರೀತಿಯೂ ಬೇರೆಯಾಯಿತು. ಬಾರ್ಡರ್ ಕೋಲಿಯನ್ನು ಇಳಿಜಾರಿನ ಬುಡದಿಂದ ಕಳುಹಿಸಿದರೆ ಅದು ನೇರವಾಗಿ ಕುರಿಗಳ ಮೇಲೆ ಹೋಗುವುದಿಲ್ಲ; ದೂರದಿಂದ ಬಳಸಿಕೊಂಡು ಅವುಗಳ ಹಿಂದಕ್ಕೆ ತಲುಪಿ, ತಲೆಯನ್ನು ಭುಜಕ್ಕಿಂತ ಕೆಳಗೆ ತಗ್ಗಿಸಿ, ಕಣ್ಣು ಕೀಲಿಸಿ ಒಂದೊಂದೇ ಹೆಜ್ಜೆ ಮುಂದಿಡುತ್ತದೆ. ಕುರಿ ತಲೆಯೆತ್ತಿ ನೋಡಿದರೆ ಹಾಗೆಯೇ ನಿಲ್ಲುತ್ತದೆ, ಕುರಿ ತಿರುಗಿದ ಕೂಡಲೇ ಮತ್ತೆ ಹೆಜ್ಜೆ ಇಡುತ್ತದೆ. ಸಿಳ್ಳೆಯ ಒಂದು ಎಳೆತಕ್ಕೆ ಎಡಕ್ಕೆ, ಇನ್ನೊಂದಕ್ಕೆ ಬಲಕ್ಕೆ ಬಾಗುವಷ್ಟು ಅದರ ಕಿವಿ ಒಡೆಯನ ಕಡೆಗಿರುತ್ತದೆ. ನೀವು ವಿವರಿಸಿದ ಸಂಜೆಯ ಕಷ್ಟಕ್ಕೆ ಇದಕ್ಕಿಂತ ತಕ್ಕ ನಾಯಿಯನ್ನು ನಾನು ಕಂಡಿಲ್ಲ.

ಕೆಲ್ಪಿ ಬೆಳೆದದ್ದು ಸಾವಿರಾರು ಕುರಿಗಳ ಮಂದೆಗಳಲ್ಲಿ. ಅಲ್ಲಿ ಒಂದೊಂದು ಹೆಜ್ಜೆಗೂ ಆಜ್ಞೆ ಕೊಡುವುದು ಆಗದ ಮಾತು. ನಾಯಿ ತಾನಾಗಿ ಯೋಚಿಸಬೇಕು, ಬಿಸಿಲಿನಲ್ಲಿ ದಿನವಿಡೀ ನಡೆಯಬೇಕು. ಕಣ್ಣಿನ ಬಿಗಿ ಅದರಲ್ಲಿ ಸಾಮಾನ್ಯವಾಗಿ ಕಡಿಮೆ, ಮೈಮೇಲೆ ನುಗ್ಗುವ ಧೈರ್ಯ ಹೆಚ್ಚು. ಒಮ್ಮೆ ನನ್ನ ದೊಡ್ಡಿಯ ಓಣಿಯಲ್ಲಿ ಮುಂದಿನ ಕುರಿಯೊಂದು ಅಡ್ಡ ನಿಂತು, ಹಿಂದಿನ ಮೂವತ್ತು ಕುರಿಗಳು ಒಂದರ ಮೇಲೊಂದು ಒತ್ತಿಕೊಂಡಿದ್ದವು. ನಾನು ಬೇಲಿ ಹತ್ತಿ ಒಳಗಿಳಿಯುವಷ್ಟರಲ್ಲಿ ನನ್ನ ಕೆಂಪು ಕೆಲ್ಪಿ ಹಿಂದಿನ ಕುರಿಯ ಬೆನ್ನಿಗೆ ಹಾರಿ, ಉಣ್ಣೆಯ ಮೇಲೆ ಕಾಲೂರುತ್ತ ಮುಂದಿನವರೆಗೆ ನಡೆದು ಹೋಗಿ, ಅಡ್ಡ ನಿಂತ ಕುರಿಯ ಕಿವಿಯ ಬಳಿ ಎರಡು ಬಾರಿ ಬೊಗಳಿತು. ಕುರಿ ನೆಟ್ಟಗಾಯಿತು, ಸಾಲು ಹರಿಯತೊಡಗಿತು. ಯಾವ ಕುರಿಗೂ ಒಂದು ಗೀರು ಬಿದ್ದಿರಲಿಲ್ಲ. ಕುರಿಗಳ ಬೆನ್ನೇರಿ ನಡೆಯುವ ಈ ಗುಣ ಕೆಲ್ಪಿಗೆ ಹುಟ್ಟಿನಿಂದಲೇ ಬಂದಿರುವುದು ಹೆಚ್ಚು. ಬಾರ್ಡರ್ ಕೋಲಿಗಳಲ್ಲಿಯೂ ಕೆಲವು ಇದನ್ನು ಕಲಿಯುತ್ತವೆ, ಆದರೆ ಬಿಗಿ ನೋಟದ ಕೋಲಿಯು ಇಕ್ಕಟ್ಟಿನಲ್ಲಿ ದಿಟ್ಟಿಸುತ್ತ ನಿಂತುಬಿಡುವುದನ್ನೂ ನೋಡಿದ್ದೇನೆ.

ನಿಮ್ಮಲ್ಲಿ ವರ್ಷದ ಬಹುಪಾಲು ದಿನ ಗುಡ್ಡದ ಕೆಲಸ, ಕೆಲವೇ ದಿನ ದೊಡ್ಡಿಯ ಕೆಲಸ. ಆದ್ದರಿಂದ ನೋಟ ಅತಿ ಬಿಗಿಯಾಗಿರದ, ದುಡಿಯುವ ತಂದೆತಾಯಿಗೆ ಹುಟ್ಟಿದ ಬಾರ್ಡರ್ ಕೋಲಿಯನ್ನೇ ತನ್ನಿ ಎಂಬುದು ನನ್ನ ಅಭಿಪ್ರಾಯ.

ಎರಡನೆಯ ಉತ್ತರ

ಮೇಲಿನವರು ಕೆಲಸದ ವಿಷಯವನ್ನು ತುಂಬ ಚೆನ್ನಾಗಿ ವಿವರಿಸಿದ್ದಾರೆ. ನಾನು ಮನೆಯೊಳಗಿನ ಮಾತನ್ನು ಹೇಳುತ್ತೇನೆ, ಏಕೆಂದರೆ ಕುರಿಗಳೇ ಇಲ್ಲದ ಮನೆಯಲ್ಲಿ ಬಾರ್ಡರ್ ಕೋಲಿಯನ್ನು ಸಾಕಿ ನಾನೇ ತಪ್ಪು ಮಾಡಿದ್ದೇನೆ.

ಈ ತಳಿಯ ಬುದ್ಧಿಯನ್ನು ಎಲ್ಲರೂ ಹೊಗಳುತ್ತಾರೆ. ರಿಕೊ ಎಂಬ ಬಾರ್ಡರ್ ಕೋಲಿ 200ಕ್ಕೂ ಹೆಚ್ಚು ವಸ್ತುಗಳನ್ನು ಹೆಸರಿನಿಂದ ಗುರುತಿಸುತ್ತಿದ್ದುದು 2004ರಲ್ಲಿ ‘ಸೈನ್ಸ್’ ಪತ್ರಿಕೆಯಲ್ಲಿ ಪ್ರಕಟವಾಯಿತು. ಆಮೇಲೆ ಚೇಸರ್ ಎಂಬ ಹೆಣ್ಣುನಾಯಿ 1,022 ಆಟಿಕೆಗಳ ಹೆಸರನ್ನು ಕಲಿತಿತು. ಆದರೆ ಅಷ್ಟು ಬುದ್ಧಿಗೆ ಕೆಲಸ ಕೊಡದಿದ್ದರೆ ಅದು ತಾನೇ ಕೆಲಸ ಹುಡುಕಿಕೊಳ್ಳುತ್ತದೆ ಎಂಬುದನ್ನು ಮರಿ ತರುವ ಮುಂಚೆ ನನಗೆ ಯಾರೂ ಒತ್ತಿ ಹೇಳಿರಲಿಲ್ಲ. ನನ್ನ ನಾಯಿ ಎಂಟು ತಿಂಗಳಾದಾಗ ಗೋಡೆಯ ಮೇಲೆ ಬೀಳುವ ನೆರಳನ್ನು ಕಾಯತೊಡಗಿತು. ಮಕ್ಕಳು ಟಾರ್ಚ್ ಬೆಳಕನ್ನು ನೆಲದ ಮೇಲೆ ಆಡಿಸಿ ನಗುತ್ತಿದ್ದರು, ನಾನೂ ಅದನ್ನು ಆಟವೆಂದೇ ತಿಳಿದಿದ್ದೆ. ಎರಡು ತಿಂಗಳಲ್ಲಿ ಅದು ಊಟದ ತಟ್ಟೆಯನ್ನು ಬಿಟ್ಟು ನೆರಳಿನ ಮುಂದೆ ನಡುಗುತ್ತ ಕೂರುವ ಸ್ಥಿತಿಗೆ ಬಂತು. ಅದನ್ನು ಬಿಡಿಸಲು ಒಂದು ವರ್ಷಕ್ಕೂ ಹೆಚ್ಚು ಕಾಲ ಹಿಡಿಯಿತು. ಆ ಅಪರಾಧಿ ಭಾವ ನನ್ನಿಂದ ಇನ್ನೂ ಪೂರ್ತಿ ಹೋಗಿಲ್ಲ. ಆದ್ದರಿಂದ ಈ ಎರಡು ತಳಿಗಳಲ್ಲಿ ಯಾವುದನ್ನು ತಂದರೂ ಟಾರ್ಚ್ ಮತ್ತು ಲೇಸರ್ ಬೆಳಕಿನ ಆಟ ಖಂಡಿತ ಬೇಡ.

ಮಕ್ಕಳ ವಿಷಯದಲ್ಲಿ ಇನ್ನೊಂದು ಎಚ್ಚರಿಕೆ ಇದೆ. ಓಡುವ ಮಗು, ತಿರುಗುವ ಸೈಕಲ್ ಚಕ್ರ, ಹೋಗುತ್ತಿರುವ ವಾಹನ, ಇವೆಲ್ಲ ಮಂದೆಯ ನಾಯಿಯ ಕಣ್ಣಿಗೆ ದಾರಿ ತಪ್ಪಿದ ಕುರಿಗಳೇ. ಬಾರ್ಡರ್ ಕೋಲಿ ಸುತ್ತುವರಿದು ತಡೆಯಲು ನೋಡುತ್ತದೆ. ನನ್ನ ಅಕ್ಕನ ಮನೆಯಲ್ಲಿರುವ ಕೆಲ್ಪಿ ಹಿಂದಿನಿಂದ ಬಂದು ಹಿಮ್ಮಡಿಗೆ ಬಾಯಿ ಹಾಕುತ್ತಿತ್ತು. ಇದು ಸಿಟ್ಟಿನ ಕಚ್ಚಲ್ಲ, ಆದರೆ 6 ವರ್ಷದ ಮಗುವಿಗೆ ಆ ವ್ಯತ್ಯಾಸ ತಿಳಿಯುವುದಿಲ್ಲ. ಮರಿಯಾಗಿದ್ದಾಗಲೇ ತಡೆಯಬೇಕು, ಮಕ್ಕಳಿಗೂ ನಾಯಿಯ ಮುಂದೆ ಕಿರುಚುತ್ತ ಓಡದಿರಲು ಕಲಿಸಬೇಕು.

ಸ್ವಭಾವದ ಮಾತಿಗೆ ಬಂದರೆ, ಬಾರ್ಡರ್ ಕೋಲಿಯ ಮನಸ್ಸು ತೀರ ಸೂಕ್ಷ್ಮ. ಮನೆಯಲ್ಲಿ ಯಾರಾದರೂ ದನಿಯೇರಿಸಿದರೆ ನನ್ನದು ಮಂಚದ ಕೆಳಗೆ ಸೇರಿಕೊಳ್ಳುತ್ತದೆ, ಗುಡುಗಿಗಂತೂ ಹೇಳಲೇಬೇಕಿಲ್ಲ. ಅಕ್ಕನ ಕೆಲ್ಪಿ ಬೈಗುಳವನ್ನು ಬೇಗ ಮರೆಯುತ್ತದೆ, ದಿನದ ಓಡಾಟ ಮುಗಿದ ಮೇಲೆ ಮೂಲೆ ಹಿಡಿದು ಮಲಗುತ್ತದೆ. ಆದರೆ ಬೇಲಿ ಅದಕ್ಕೆ ಲೆಕ್ಕಕ್ಕಿಲ್ಲ. ತಲೆಯೆತ್ತರದ ಗೋಡೆಯನ್ನು ಹತ್ತಿ ಆಚೆ ಇಳಿದದ್ದನ್ನು ಕಣ್ಣಾರೆ ಕಂಡಿದ್ದೇನೆ.

ಮೂರನೆಯ ಉತ್ತರ

ಪಶುವೈದ್ಯಳಾಗಿ ಕೆಲವು ಮಾತುಗಳನ್ನು ಸೇರಿಸಬೇಕೆನಿಸಿತು. ಎರಡೂ ತಳಿಗಳು ಗಟ್ಟಿಮುಟ್ಟಾದವು, 12ರಿಂದ 15 ವರ್ಷ ಬಾಳುವುದು ಅಪರೂಪವಲ್ಲ. ಆದರೂ ಬಾರ್ಡರ್ ಕೋಲಿ ಮರಿಯನ್ನು ಕೊಳ್ಳುವಾಗ ಕೋಲಿ ಕಣ್ಣಿನ ದೋಷ ಮತ್ತು ಬಿಳಿರಕ್ತಕಣಗಳು ಮಜ್ಜೆಯಲ್ಲಿಯೇ ಸಿಕ್ಕಿಕೊಳ್ಳುವ ಟಿಎನ್‌ಎಸ್ ಎಂಬ ಕಾಯಿಲೆಗಳಿಗೆ ತಂದೆತಾಯಿಯ ಡಿಎನ್‌ಎ ಪರೀಕ್ಷೆ ಆಗಿದೆಯೇ ಎಂದು ಕೇಳಿ. ಇವು ಎರಡೂ ಕಡೆಯಿಂದ ದೋಷ ಬಂದಾಗ ಮಾತ್ರ ಕಾಣಿಸಿಕೊಳ್ಳುವುದರಿಂದ, ಆರೋಗ್ಯವಾಗಿ ಕಾಣುವ ಜೋಡಿಗೂ ರೋಗಿ ಮರಿ ಹುಟ್ಟಬಹುದು. ಸೊಂಟದ ಕೀಲಿನ ಎಕ್ಸ್‌-ರೇ ವರದಿಯನ್ನೂ ನೋಡಿ. ಕೆಲ್ಪಿಯಲ್ಲಿ ಕಿರುಮೆದುಳು ಕ್ಷಯಿಸಿ ಮರಿಯ ನಡಿಗೆ ತೂರಾಡುವ ಆನುವಂಶಿಕ ಕಾಯಿಲೆಯೊಂದಿದೆ.

ಕುರಿ ಸಾಕುವವರು ಮರೆಯಬಾರದ ಎರಡು ಸಂಗತಿಗಳಿವೆ. ಕುರಿಗಳಿಗೆ ಜಂತಿನ ಔಷಧಿಯಾಗಿ ಐವರ್‌ಮೆಕ್ಟಿನ್ ಕೊಡುತ್ತೀರಾದರೆ, ಕೋಲಿ ಜಾತಿಯ ಕೆಲವು ನಾಯಿಗಳಲ್ಲಿ ಎಂಡಿಆರ್1 ಎಂಬ ವಂಶವಾಹಿಯ ದೋಷದಿಂದಾಗಿ ಆ ಔಷಧಿ ಮೆದುಳನ್ನು ಸೇರಿ ಪ್ರಾಣಕ್ಕೆ ಕುತ್ತಾಗುತ್ತದೆ. ಉದ್ದ ಕೂದಲಿನ ರಫ್ ಕೋಲಿಗೆ ಹೋಲಿಸಿದರೆ ಬಾರ್ಡರ್ ಕೋಲಿಯಲ್ಲಿ ಈ ದೋಷ ಬಹಳ ವಿರಳ. ಆದರೂ ಒಮ್ಮೆ ಪರೀಕ್ಷೆ ಮಾಡಿಸುವುದು ಲೇಸು. ಚೆಲ್ಲಿದ ಔಷಧಿಯನ್ನು ನೆಕ್ಕಲು, ಔಷಧಿ ಕುಡಿದ ಕುರಿಗಳ ಹಿಕ್ಕೆಯನ್ನು ತಿನ್ನಲು ಯಾವ ನಾಯಿಯನ್ನೂ ಬಿಡಬೇಡಿ.

ಎರಡನೆಯದು ಮಕ್ಕಳಿಗೆ ಸಂಬಂಧಿಸಿದ್ದು. ಸತ್ತ ಅಥವಾ ಕಡಿದ ಕುರಿಯ ಹಸಿ ಪಿತ್ತಜನಕಾಂಗ ಮತ್ತು ಶ್ವಾಸಕೋಶವನ್ನು ನಾಯಿ ತಿಂದರೆ ಎಕಿನೊಕಾಕಸ್ ಎಂಬ ಸಣ್ಣ ಲಾಡಿಹುಳು ಅದರ ಕರುಳಿನಲ್ಲಿ ಬೆಳೆಯುತ್ತದೆ. ಅದರ ಮೊಟ್ಟೆಗಳು ನಾಯಿಯ ಮಲದಿಂದ ಮೈಕೂದಲಿಗೂ, ಅಲ್ಲಿಂದ ಮುದ್ದಿಸುವ ಮಕ್ಕಳ ಕೈಗೂ ಅಂಟಿ, ಮನುಷ್ಯರ ದೇಹದಲ್ಲಿ ನೀರುಗಂಟುಗಳನ್ನು ಉಂಟುಮಾಡುತ್ತವೆ. ಹಸಿ ಅಂಗಾಂಗಗಳನ್ನು ಎಂದಿಗೂ ಹಾಕಬೇಡಿ. ಪ್ರಾಜಿಕ್ವಾಂಟೆಲ್ ಇರುವ ಜಂತಿನ ಔಷಧಿಯನ್ನು ವೈದ್ಯರು ಹೇಳಿದ ಅವಧಿಗೆ ನಾಯಿಗೆ ತಪ್ಪದೆ ಕೊಡಿಸಿ.

ಬಿಸಿಲಿನ ಪ್ರದೇಶವಾದರೆ ಕೆಲ್ಪಿಯ ಗಿಡ್ಡ ಕೂದಲು ಅನುಕೂಲ. ಬಾರ್ಡರ್ ಕೋಲಿಯಲ್ಲಿಯೂ ನುಣುಪು ಗಿಡ್ಡ ಕೂದಲಿನ ಬಗೆಯಿದೆ ಎಂಬುದು ಹಲವರಿಗೆ ತಿಳಿದಿಲ್ಲ. ಯಾವುದೇ ಆಗಲಿ, ಹತ್ತು ಹದಿನೈದು ನಿಮಿಷದ ಬಿರುಸು ಓಟದ ನಂತರ ಮಂಕಾಗಿ ಹಿಂಗಾಲು ತೊಡರತೊಡಗಿದರೆ ಕೆಲಸ ನಿಲ್ಲಿಸಿ ನೆರಳಿಗೆ ಕರೆತಂದು ಮೈಗೆ ನೀರು ಹಾಕಿ, ವೈದ್ಯರಿಗೆ ತೋರಿಸಿ. ಕುರಿ ಕಂಡರೆ ಈ ನಾಯಿಗಳಿಗೆ ದಣಿವಿನ ಅರಿವಿರುವುದಿಲ್ಲ, ಅವುಗಳ ಪರವಾಗಿ ನೀವೇ ಅರಿಯಬೇಕು.

ಪ್ರಶ್ನೆ ಕೇಳಿದವರು

ಇಷ್ಟು ಕಾಳಜಿಯಿಂದ ಬರೆದ ಎಲ್ಲರಿಗೂ ಕೃತಜ್ಞತೆಗಳು. ಬಾರ್ಡರ್ ಕೋಲಿಯ ಕಡೆಗೆ ಮನಸ್ಸು ವಾಲಿದೆ. ಒಂಟಿಯಾಗದಿರಲೆಂದು ಎರಡು ಮರಿಗಳನ್ನು ಒಟ್ಟಿಗೆ ತರಬಹುದೇ? ಇಲ್ಲವೇ ತರಬೇತಿಯಾದ ಎರಡೂವರೆ ವರ್ಷದ ಹೆಣ್ಣುನಾಯಿಯೊಂದು ಸಿಗುವಂತಿದೆ. ಅದನ್ನು ನೋಡಲು ಹೋದಾಗ ಏನನ್ನು ಗಮನಿಸಬೇಕು?

ಮೊದಲ ಉತ್ತರ ಬರೆದವರು

ಎರಡು ಮರಿ ಬೇಡವೇ ಬೇಡ. ಅವು ಒಂದಕ್ಕೊಂದು ಅಂಟಿಕೊಂಡು ನಿಮ್ಮ ಮಾತಿಗೆ ಕಿವಿಗೊಡುವುದಿಲ್ಲ, ಹೊಸಬರಿಗಂತೂ ಎರಡನ್ನೂ ಕಲಿಸಲಾಗುವುದಿಲ್ಲ. ಅಲ್ಲದೆ ಮರಿಯನ್ನು ತಂದರೂ ಕುರಿಗಳನ್ನು ಓಡಿ ಹಿಂದಿಕ್ಕುವಷ್ಟು ಬೆಳೆಯುವವರೆಗೆ, ಅಂದರೆ ಹೆಚ್ಚುಕಡಿಮೆ 8ರಿಂದ 12 ತಿಂಗಳವರೆಗೆ, ನಿಜವಾದ ತರಬೇತಿಯನ್ನು ಶುರುಮಾಡಲಾಗದು. ಅಷ್ಟರೊಳಗೆ ಒಂದು ಕುರಿ ಗುದ್ದಿದರೆ ಹುಟ್ಟಿದ ಭಯ ಬಹಳ ಕಾಲ ಉಳಿಯುತ್ತದೆ. ತರಬೇತಿಯಾದ ನಾಯಿ ನಿಮಗೆ ಗುರುವೂ ಆಗುತ್ತದೆ.

ನೋಡಲು ಹೋದಾಗ ಅದರ ವೇಗಕ್ಕೆ ಮರುಳಾಗಬೇಡಿ. ಪರಿಚಯವಿಲ್ಲದ ಕುರಿಗಳ ಮೇಲೆ, ಒಡೆಯನಿಂದ ದೂರಕ್ಕೆ ಕಳುಹಿಸಲು ಹೇಳಿ. ಕುರಿಗಳ ಹಿಂದೆ ತಲುಪಿದಾಗ ತಾನಾಗಿ ವೇಗ ತಗ್ಗಿಸುತ್ತದೆಯೇ, ಟಗರು ತಿರುಗಿ ನಿಂತರೆ ಹಿಂಜರಿಯದೆ ಎದುರು ನಿಲ್ಲುತ್ತದೆಯೇ ನೋಡಿ. ಕುರಿಗಳು ಇನ್ನೇನು ದೊಡ್ಡಿಯ ಬಾಗಿಲು ಹೊಗುತ್ತವೆ ಎನ್ನುವಾಗ ಅದನ್ನು ಹಿಂದಕ್ಕೆ ಕರೆಯಲು ಹೇಳಿ. ಆ ಗಳಿಗೆಯಲ್ಲಿ ಕೆಲಸ ಬಿಟ್ಟು ಒಡೆಯನ ಕಾಲ ಬಳಿಗೆ ಬರುವ ನಾಯಿ ನಿಮ್ಮ ಮನೆಯಲ್ಲಿಯೂ ಮಾತು ಕೇಳುತ್ತದೆ. ಆಮೇಲೆ ಮಕ್ಕಳನ್ನು ಕರೆದುಕೊಂಡು ಇನ್ನೊಂದು ದಿನ ಹೋಗಿ, ಕುರಿಗಳಿಲ್ಲದ ಜಾಗದಲ್ಲಿ ಅದರ ಜೊತೆ ಒಂದು ಗಂಟೆ ಸುಮ್ಮನೆ ಕುಳಿತು ಬನ್ನಿ.