ದುಡ್ಡು ತಗೊಂಡು ಪಾಲಿಸಿ ಕೊಟ್ಟು ಈಗ ಕ್ಯಾನ್ಸಲ್ ಅಂತಿದ್ದಾರೆ, ಕಾರು ಓಡಿಸೋದು ಹೇಗೆ?

ತುಮಕೂರು_ಪೆಟ್ರೋಲ್:

ನಮಸ್ಕಾರ ಎಲ್ಲರಿಗೂ. ಸ್ವಲ್ಪ ಅರ್ಜೆಂಟಾಗಿ ಸಲಹೆ ಬೇಕು. ನನ್ನದು 1,200 ಸಿಸಿ ಕಾರು. ಈ ಸಲ ರಿನ್ಯೂವಲ್‌ಗೆ ಹಳೇ ಕಂಪನಿ ಬಿಟ್ಟು ಬೇರೆ ಕಂಪನಿಗೆ ಹೋದೆ. ಏಜೆಂಟ್ ಒಬ್ಬರು ಲಿಂಕ್ ಕಳಿಸಿದರು, ಯುಪಿಐನಲ್ಲಿ ಕಟ್ಟಿದೆ, ಪಾಲಿಸಿ ಪಿಡಿಎಫ್ ಬಂತು. ಈಗ ಇಷ್ಟು ದಿನ ಆದಮೇಲೆ ರಾತ್ರಿ ಹೊತ್ತು ಒಂದು ಮೇಲ್. ನೋ ಕ್ಲೇಮ್ ಬೋನಸ್ (ಎನ್‌ಸಿಬಿ, ಕ್ಲೇಮ್ ಮಾಡದೇ ಇದ್ದರೆ ಪ್ರೀಮಿಯಂನಲ್ಲಿ ಸಿಗೋ ಡಿಸ್ಕೌಂಟು) ಬಗ್ಗೆ ತಪ್ಪು ಮಾಹಿತಿ ಕೊಟ್ಟಿದ್ದೀರಿ, ಅದಕ್ಕೆ ಪಾಲಿಸಿಯನ್ನು ಶುರುವಾದ ದಿನದಿಂದಲೇ ರದ್ದು ಮಾಡಿದ್ದೇವೆ ಅಂತ. ಅದಕ್ಕೂ ಮುಂಚೆ ಒಂದು ಫೋನ್ ಇಲ್ಲ, ಪತ್ರ ಇಲ್ಲ.

ಹೋದ ವರ್ಷ ಶಿರಾ ಗೇಟ್ ಹತ್ತಿರ ಆಟೋ ಹಿಂದಿನಿಂದ ಗುದ್ದಿ ಬಂಪರ್ ಹೋಗಿತ್ತು, ಕ್ಲೇಮ್ ಮಾಡಿದ್ದೆ. ಇದನ್ನ ನಾನು ಮುಚ್ಚಿಟ್ಟಿಲ್ಲ. "ಸರ್, ಹೋದ ವರ್ಷ ಬಂಪರ್ ಕ್ಲೇಮ್ ಆಗಿದೆ, ನೋಡ್ಕೊಂಡು ಹಾಕಿ" ಅಂತ ಏಜೆಂಟಿಗೆ ಕಳಿಸಿದ ವಾಟ್ಸಾಪ್ ಮೆಸೇಜು ಈಗಲೂ ಇದೆ, ನೀಲಿ ಟಿಕ್ ಕೂಡ ಬಿದ್ದಿದೆ. ಆದರೂ ಅವರು 25% ಎನ್‌ಸಿಬಿ ಹಾಕಿ ಪಾಲಿಸಿ ಮಾಡಿಸಿದ್ದಾರೆ. ಈಗ ಫೋನ್ ಎತ್ತುತ್ತಿಲ್ಲ. ಅಪ್ಪನನ್ನು ಡಯಾಲಿಸಿಸ್‌ಗೆ ಇದೇ ಕಾರಲ್ಲಿ ಕರ್ಕೊಂಡು ಹೋಗಬೇಕು. ಹಾಗೇ ಓಡಿಸಬಹುದಾ? ಇದನ್ನ ಪ್ರಶ್ನೆ ಮಾಡೋಕೆ ದಾರಿ ಇದೆಯಾ? ತುಂಬಾ ಟೆನ್ಷನ್ ಆಗಿದೆ.

ಹಾಸನ_ಹೈವೇ:

ಸರ್, ದಯವಿಟ್ಟು ಇವತ್ತು ಕಾರು ತೆಗೀಬೇಡಿ. ಆಟೋನೋ ಟ್ಯಾಕ್ಸಿನೋ ಮಾಡ್ಕೊಂಡು ಹೋಗಿ. ಥರ್ಡ್ ಪಾರ್ಟಿ ಇನ್ಶೂರೆನ್ಸ್ (ನಮ್ಮ ಕಾರಿಂದ ಬೇರೆಯವರಿಗೆ ಆಗೋ ಹಾನಿಗೆ ಇರೋ ವಿಮೆ) ಇಲ್ಲದೆ ರಸ್ತೆಗೆ ಇಳಿಯೋ ಹಾಗಿಲ್ಲ. ಮೋಟಾರು ವಾಹನ ಕಾಯ್ದೆಯ 196ನೇ ಸೆಕ್ಷನ್ ಪ್ರಕಾರ ಮೊದಲ ಸಲಕ್ಕೆ 2,000 ರೂಪಾಯಿ ದಂಡ, ಇಲ್ಲ ಮೂರು ತಿಂಗಳವರೆಗೆ ಜೈಲು, ಅಥವಾ ಎರಡೂ. ದಂಡ ಹೇಗೋ ಕಟ್ಟಬಹುದು. ಯಾರಿಗಾದರೂ ತಗುಲಿ ಹೆಚ್ಚುಕಮ್ಮಿ ಆದರೆ ಪರಿಹಾರ ಪೂರ್ತಿ ನಿಮ್ಮ ಮೇಲೇ ಬಂದು ಕೂರುತ್ತೆ, ಮನೆ ಮಠ ಮಾರಬೇಕಾಗುತ್ತೆ.

ಜಗಳ ಆಮೇಲೆ ಆಡಿ. ಮೊದಲು ಬರೀ ಥರ್ಡ್ ಪಾರ್ಟಿ ಪಾಲಿಸಿ ಒಂದು ತಗೊಳ್ಳಿ. ನಿಮ್ಮ ಕಾರು 1,000ದಿಂದ 1,500 ಸಿಸಿ ಒಳಗೆ ಬರುತ್ತೆ. 2022ರಲ್ಲಿ ಸರ್ಕಾರ ಇಟ್ಟ ದರ 3,416 ರೂಪಾಯಿ, ಅದರ ಮೇಲೆ ಜಿಎಸ್‌ಟಿ. ಯಾವ ಕಂಪನಿಯಲ್ಲಿ ತಗೊಂಡ್ರೂ ದರ ಒಂದೇ. ನಿಮ್ಮ ಹೆಸರಿನ 15 ಲಕ್ಷದ ಅಪಘಾತ ವಿಮೆ ಬೇರೆಲ್ಲೂ ಇಲ್ಲದಿದ್ದರೆ ಅದನ್ನೂ ಸೇರಿಸಿ. ದುಡ್ಡು ಕಟ್ಟಿದ ತಕ್ಷಣ ಜಾರಿ ಆಗುತ್ತೆ ಅಂದ್ಕೋಬೇಡಿ, ಎಷ್ಟೋ ಸಲ ಮಧ್ಯರಾತ್ರಿಯಿಂದ ಶುರುವಾಗುತ್ತೆ. ಪಾಲಿಸಿಯಲ್ಲಿ ತಾರೀಕು, ಗಂಟೆ ಎರಡೂ ಬರೆದಿರುತ್ತೆ, ಓದಿ ಆಮೇಲೆ ಕೀ ತಿರುಗಿಸಿ.

ಮಲ್ಲೇಶ್ವರಂ_ಮೋಟಾರ್:

ನಾನು ಮೋಟಾರ್ ಇನ್ಶೂರೆನ್ಸ್‌ನಲ್ಲೇ ಕೆಲಸ ಮಾಡಿದವಳು, ಇಂಥ ಫೈಲು ಬೇಕಾದಷ್ಟು ನೋಡಿದ್ದೇನೆ. ಸರ್, ನಿಮ್ಮ ಕೇಸು ಗಟ್ಟಿ ಇದೆ.

ಎನ್‌ಸಿಬಿ 20ರಿಂದ ಶುರುವಾಗಿ 25, 35, 45, 50% ಅಂತ ಏರುತ್ತೆ. ಮಧ್ಯೆ ಕ್ಲೇಮ್ ಆದರೆ ಮತ್ತೆ ಸೊನ್ನೆ. ನಿಮಗೆ ಸೊನ್ನೆ ಇರಬೇಕಿತ್ತು, ಅದು ನಿಜ. ಆದರೆ ಕಂಪನಿ ಮೇಲೂ ಜವಾಬ್ದಾರಿ ಇದೆ. ಗ್ರಾಹಕರು ಹೇಳಿದ ಎನ್‌ಸಿಬಿ ನಂಬಿ ಪಾಲಿಸಿ ಕೊಟ್ಟರೆ 21 ದಿನದೊಳಗೆ ಹಳೇ ಕಂಪನಿಗೆ ಬರೆದು ಕೇಳಬೇಕು, ಹಳೇ ಕಂಪನಿ 30 ದಿನದಲ್ಲಿ ಉತ್ತರ ಕೊಡಬೇಕು. ಮೋಟಾರ್ ಟ್ಯಾರಿಫ್‌ನಲ್ಲೇ, ಅಂದರೆ ವಾಹನ ವಿಮೆಯ ನಿಯಮಗಳ ಪುಸ್ತಕದಲ್ಲೇ ಇರೋ ನಿಯಮ ಇದು. ಆ ಪತ್ರ ಯಾವತ್ತು ಬರೆದರು ಅಂತ ತಾರೀಕು ಕೇಳಿ. ಇನ್ನೊಂದು ವಿಷಯ, ಎನ್‌ಸಿಬಿ ಡಿಕ್ಲರೇಷನ್‌ನಲ್ಲಿ ತಪ್ಪು ಅಂತ ಗೊತ್ತಾದರೆ ಹೋಗೋದು ಸೆಕ್ಷನ್ 1, ಅಂದರೆ ನಿಮ್ಮ ಸ್ವಂತ ಕಾರಿನ ಡ್ಯಾಮೇಜಿನ ಭಾಗ. ಥರ್ಡ್ ಪಾರ್ಟಿ ಭಾಗಕ್ಕೆ ಎನ್‌ಸಿಬಿ ಸಂಬಂಧವೇ ಇಲ್ಲ, ಆ ಪ್ರೀಮಿಯಂ ಮೇಲೆ ಡಿಸ್ಕೌಂಟೇ ಬರಲ್ಲ. ಹಾಗಿರುವಾಗ ಅದನ್ನೂ ಯಾಕೆ ಕಿತ್ತು ಹಾಕಿದಿರಿ ಅಂತ ಕೇಳಿ.

ಎಲ್ಲಕ್ಕಿಂತ ಮುಖ್ಯ ಇದು. ವಿಮಾ ಕಂಪನಿಗಳ ಮೇಲೆ ನಿಗಾ ಇಡೋ ಐಆರ್‌ಡಿಎಐನ ಜೂನ್ 2024ರ ಮಾಸ್ಟರ್ ಸರ್ಕ್ಯುಲರ್ ಪ್ರಕಾರ ಸಾಮಾನ್ಯ ಗ್ರಾಹಕರ ಪಾಲಿಸಿಯನ್ನು ಕಂಪನಿ ತಾನಾಗಿ ರದ್ದು ಮಾಡಬೇಕಾದರೆ ವಂಚನೆ ಸಾಬೀತಾಗಿರಬೇಕು, ಅದೂ ಕಡಿಮೆ ಅಂದರೆ 7 ದಿನ ಮುಂಚೆ ನೋಟಿಸ್ ಕೊಟ್ಟು. ನಿಮಗೆ ನೋಟಿಸೇ ಬಂದಿಲ್ಲ. ಕ್ಲೇಮ್ ಆಗಿದೆ ಅಂತ ನೀವಾಗಿಯೇ ಬರೆದು ಹೇಳಿರುವಾಗ ವಂಚನೆ ಎಲ್ಲಿಂದ ಬಂತು? ಆ ವಾಟ್ಸಾಪ್ ಚಾಟನ್ನು ಸ್ಕ್ರೀನ್‌ಶಾಟ್ ಅಷ್ಟೇ ಅಲ್ಲ, ಪೂರ್ತಿ ಎಕ್ಸ್‌ಪೋರ್ಟ್ ಮಾಡಿ ಇಟ್ಕೊಳ್ಳಿ. ಪಾಲಿಸಿಯಲ್ಲಿ ಏಜೆಂಟ್ ಹೆಸರು, ಕೋಡ್ ಪ್ರಿಂಟ್ ಆಗಿರುತ್ತೆ, ಅದನ್ನೂ ನೋಡಿ. ಕಂಪನಿಯ ಏಜೆಂಟ್ ಆಗಿದ್ದರೆ ಅವರಿಗೆ ಹೇಳಿದ್ದು ಕಂಪನಿಗೇ ಹೇಳಿದ ಹಾಗೆ ಅಂತ ವಾದ ಮಾಡಬಹುದು. ಬ್ರೋಕರ್ ಆಗಿದ್ದರೆ ಅವರು ಲೆಕ್ಕದಲ್ಲಿ ನಿಮ್ಮ ಕಡೆಯವರು, ಆಗ ಬ್ರೋಕರ್ ಮೇಲೂ ದೂರು ಕೊಡಬೇಕಾಗುತ್ತೆ.

ಇವತ್ತೇ ಕಂಪನಿಯ ಗ್ರೀವೆನ್ಸ್ ಆಫೀಸರ್‌ಗೆ (ದೂರು ನೋಡೋ ಅಧಿಕಾರಿ) ಮೇಲ್ ಹಾಕಿ. ಫೋನಲ್ಲಿ ಮಾತಾಡಿದ್ದಕ್ಕೆ ಬೆಲೆ ಇಲ್ಲ. "ಎನ್‌ಸಿಬಿ ವ್ಯತ್ಯಾಸದ ಪ್ರೀಮಿಯಂ ಕಟ್ಟಲು ನಾನು ಸಿದ್ಧ, ಎಂಡಾರ್ಸ್‌ಮೆಂಟ್ ಮಾಡಿ ಪಾಲಿಸಿ ಮುಂದುವರಿಸಿ" ಅಂತ ಸ್ಪಷ್ಟವಾಗಿ ಬರೀರಿ. ಎಂಡಾರ್ಸ್‌ಮೆಂಟ್ ಅಂದರೆ ಪಾಲಿಸಿಯಲ್ಲಿ ಮಾಡೋ ಲಿಖಿತ ತಿದ್ದುಪಡಿ. ಎಷ್ಟೋ ಕೇಸು ಅಷ್ಟರಲ್ಲೇ ಮುಗಿಯುತ್ತೆ.

ಕೊಪ್ಪಳ_ಹುಡುಗ:

ಇಷ್ಟೆಲ್ಲಾ ಯಾಕ್ರೀ ತಲೆಬಿಸಿ? ರೀಫಂಡ್ ಕೊಟ್ಟರೆ ತಗೊಂಡು ಬೇರೆ ಕಂಪನೀಲಿ ಫುಲ್ ಪಾಲಿಸಿ ಮಾಡಿಸಿದ್ರೆ ಆಯ್ತು.

ಮಲ್ಲೇಶ್ವರಂ_ಮೋಟಾರ್:

ಹಾಗೆ ಬಿಡಬೇಡಿ ಸರ್. ಎಷ್ಟೋ ಪ್ರಪೋಸಲ್ ಫಾರ್ಮ್‌ಗಳಲ್ಲಿ "ಹಿಂದೆ ಯಾವುದಾದರೂ ಕಂಪನಿ ನಿಮ್ಮ ಪಾಲಿಸಿ ರದ್ದು ಮಾಡಿದೆಯೇ?" ಅನ್ನೋ ಪ್ರಶ್ನೆ ಇರುತ್ತೆ. ಸುಮ್ನೆ ರೀಫಂಡ್ ಒಪ್ಕೊಂಡ್ರೆ ಮುಂದೆ ಪ್ರತಿ ಸಲ ಹೌದು ಅಂತ ಬರೀಬೇಕು. ದುಡ್ಡು ತಾನಾಗೇ ಅಕೌಂಟಿಗೆ ಬಂದು ಬಿದ್ದರೂ "ಈ ರದ್ದತಿಯನ್ನು ನಾನು ಒಪ್ಪಿಲ್ಲ" ಅಂತ ಒಂದು ಮೇಲ್ ಹಾಕಿಡಿ.

ಉಡುಪಿ_ಟ್ರಿಪ್ಸ್:

ನಂದೊಂದು ಡೌಟು. ಶುರುವಾದ ದಿನದಿಂದಲೇ ರದ್ದು ಅಂದರೆ, ಇಷ್ಟು ದಿನ ಇವರು ಓಡಿಸಿದ್ದರಲ್ಲಾ, ಆಗ ಯಾರಿಗಾದರೂ ಅಪಘಾತ ಆಗಿದ್ದರೆ?

ಹಾಸನ_ಹೈವೇ:

ಇದರ ಬಗ್ಗೆ ಸುಪ್ರೀಂ ಕೋರ್ಟ್ 2012ರಲ್ಲಿ ಒಂದು ತೀರ್ಪು ಕೊಟ್ಟಿದೆ, ನಮ್ಮ ಕರ್ನಾಟಕದಿಂದಲೇ ಹೋದ ಕೇಸು. ಅದರಲ್ಲಿ ಪ್ರೀಮಿಯಂ ಚೆಕ್ ಬೌನ್ಸ್ ಆಗಿ ಪಾಲಿಸಿ ರದ್ದಾಗಿತ್ತು, ಆದರೆ ರದ್ದು ಮಾಡೋ ಹೊತ್ತಿಗೆ ಅಪಘಾತ ನಡೆದುಹೋಗಿತ್ತು. ರದ್ದಾದ ಸುದ್ದಿ ಅಪಘಾತಕ್ಕೆ ಮುಂಚೆ ಮಾಲೀಕರಿಗೆ ತಲುಪಿಲ್ಲ ಅಂದರೆ ಪೆಟ್ಟು ತಿಂದವರಿಗೆ ಕಂಪನಿಯೇ ಪರಿಹಾರ ಕೊಡಬೇಕು ಅಂತ ಕೋರ್ಟ್ ಹೇಳಿತು. ದುಡ್ಡೇ ಬರದ ಪಾಲಿಸಿಗೆ ಈ ಮಾತು ಅಂದಮೇಲೆ, ಪ್ರೀಮಿಯಂ ಜೇಬಿಗೆ ಇಳಿಸಿದ ಕಂಪನಿ ಹಿಂದಿನ ತಾರೀಕಿಗೆ ಕೈ ತೊಳ್ಕೊಳ್ಳೋದು ಸುಲಭ ಅಲ್ಲ. ಆದರೆ ನಮ್ಮ ತುಮಕೂರು ಸರ್‌ಗೆ ಈಗ ಮೇಲ್ ತಲುಪಿದೆಯಲ್ಲ, ಅದಕ್ಕೇ ಇನ್ನು ಮುಂದೆ ಕಾರು ತೆಗೀಬೇಡಿ ಅಂದಿದ್ದು.

ತುಮಕೂರು_ಪೆಟ್ರೋಲ್:

ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಥರ್ಡ್ ಪಾರ್ಟಿ ಪಾಲಿಸಿ ತಗೊಂಡೆ, ಮಧ್ಯರಾತ್ರಿಯಿಂದಲೇ ಶುರು ಅಂತಿದೆ. ಹಿಂದಿನ ಕ್ಲೇಮ್ ಇದೆ ಅಂತ ನಾನೇ ಕೈಯಾರೆ ಟಿಕ್ ಮಾಡಿದೆ. ಮೇಡಂ ಹೇಳಿದ ಹಾಗೆ ಮೇಲ್ ಕೂಡ ಹಾಕಿದ್ದೇನೆ, ಚಾಟ್ ಸೇರಿಸಿ. ಎರಡು ಪ್ರಶ್ನೆ ಉಳಿದಿದೆ. ಅವರು ಉತ್ತರವೇ ಕೊಡದಿದ್ದರೆ ಎಲ್ಲಿಗೆ ಹೋಗಬೇಕು? ರದ್ದಾದ ಪಾಲಿಸಿಗೆ ವಾಪಸ್ ಜೀವ ಬಂದರೆ ಎರಡು ಥರ್ಡ್ ಪಾರ್ಟಿ ಆಗುತ್ತಲ್ವಾ?

ಮಲ್ಲೇಶ್ವರಂ_ಮೋಟಾರ್:

ಕಂಪನಿಗೆ ಎರಡು ವಾರ ಟೈಮ್ ಇರುತ್ತೆ. ಅದರ ಜೊತೆಗೆ ಐಆರ್‌ಡಿಎಐನ ಬಿಮಾ ಭರೋಸಾ ಪೋರ್ಟಲ್‌ನಲ್ಲೂ ದೂರು ಹಾಕಿ, 155255ಕ್ಕೆ ಫೋನ್ ಮಾಡಿದರೂ ಆಗುತ್ತೆ. ಒಂದು ತಿಂಗಳಾದರೂ ಉತ್ತರ ಬರದಿದ್ದರೆ, ಇಲ್ಲ ಬಂದ ಉತ್ತರ ಸರಿ ಇಲ್ಲದಿದ್ದರೆ, ಇನ್ಶೂರೆನ್ಸ್ ಒಂಬುಡ್ಸ್‌ಮನ್ (ವಿಮೆ ದೂರುಗಳನ್ನು ತೀರ್ಮಾನ ಮಾಡೋ ಅಧಿಕಾರಿ) ಹತ್ತಿರ ಹೋಗಿ. ಕರ್ನಾಟಕದವರಿಗೆ ಆಫೀಸು ಬೆಂಗಳೂರಿನ ಜೆ.ಪಿ. ನಗರದಲ್ಲಿದೆ, ಆನ್‌ಲೈನಲ್ಲೂ ಹಾಕಬಹುದು. ಫೀಸಿಲ್ಲ, ಲಾಯರ್ ಬೇಕಿಲ್ಲ. ಕಂಪನಿ ಇಲ್ಲ ಅಂದಮೇಲೆ ಒಂದು ವರ್ಷದೊಳಗೆ ಹೋಗಬೇಕು, ಅಷ್ಟು ನೆನಪಿಟ್ಟುಕೊಳ್ಳಿ.

ಎರಡು ಪಾಲಿಸಿ ಆದರೆ ತೊಂದರೆ ಇಲ್ಲ. ರದ್ದಾಗಿದ್ದ ಪಾಲಿಸಿ ಮತ್ತೆ ಚಾಲ್ತಿಗೆ ಬಂದಿದೆ ಅನ್ನೋ ಎಂಡಾರ್ಸ್‌ಮೆಂಟ್ ಕಾಪಿ ಕೈಗೆ ಬಂದಮೇಲೆ ಅದನ್ನು ತೋರಿಸಿ ಹೊಸ ಥರ್ಡ್ ಪಾರ್ಟಿ ಕ್ಯಾನ್ಸಲ್ ಮಾಡಿಸಬಹುದು. ಕಾಪಿ ಬರೋವರೆಗೆ ಫೋನಲ್ಲಿ ಯಾರು ಏನೇ ಹೇಳಿದರೂ ಹೊಸದನ್ನು ಬಿಡಬೇಡಿ. ಕಾರಿನ ಮೇಲೆ ಲೋನ್ ಇದ್ದರೆ ಬ್ಯಾಂಕಿಗೂ ಒಂದು ಮೇಲ್ ಹಾಕಿ, ಅವರಿಗೆ ಫುಲ್ ಪಾಲಿಸಿ ಬೇಕಿರುತ್ತೆ.