ಸಹಾಯ ಬೇಕು: ಸೈಕಲ್ ಸೀಟು ಮಟ್ಟಸಕ್ಕೆ ನಿಲ್ತಾ ಇಲ್ಲ

ನಮಸ್ಕಾರ. ಭಾನುವಾರ ಬೆಳಿಗ್ಗೆ ಮೈಸೂರಿನಿಂದ ಶ್ರೀರಂಗಪಟ್ಟಣಕ್ಕೆ ಸೈಕಲ್ ಹೊಡೀತೀನಿ, ಹೋಗಿಬರೋಕೆ ಹೆಚ್ಚುಕಡಿಮೆ 30 ಕಿ.ಮೀ. ಸೀಟಿನ ಮೂತಿ ಮೇಲೆದ್ದಿದ್ದಾಗ ಅರ್ಧ ದಾರಿಗೇ ತೊಡೆಸಂದಿಯಲ್ಲಿ ಜೋಮು. ಕೆಳಗೆ ಬಗ್ಗಿಸಿದೆ, ಜೋಮು ಹೋಯ್ತು, ಆದರೆ ಈಗ ಮುಂದಕ್ಕೆ ಜಾರಿ ಜಾರಿ ಭಾರವೆಲ್ಲ ಅಂಗೈ ಮೇಲೆ. ಮನೆಗೆ ಬಂದು ಕಾಫಿ ಲೋಟ ಹಿಡಿಯೋಕೂ ಕಷ್ಟ!

ಎತ್ತರ ಸರಿಯಿದೆ. ಪೆಡಲ್ ಕೆಳಗಿರುವಾಗ ಹಿಮ್ಮಡಿ ಇಟ್ಟರೆ ಕಾಲು ನೇರ ಬರುತ್ತೆ.

ತೊಂದರೆ ಇರೋದು ಸೀಟನ್ನು ಅದರ ಕೊಳವೆಗೆ ಬಿಗಿಯೋ ಕ್ಲ್ಯಾಂಪಲ್ಲಿ. ಎರಡೂ ಕಡೆ ನಟ್ ಇರೋ ಹಳೇ ಥರದ್ದು, ಒಳಗೆ ಹಲ್ಲುಗಳಿವೆ. ಸೀಟಿನ ಮೇಲೆ ಹಲಗೆ, ಅದರ ಮೇಲೆ ಮೊಬೈಲ್ ಇಟ್ಟು ಲೆವೆಲ್ ನೋಡಿದೆ: ಒಂದು ಹಲ್ಲಿಗೆ 3 ಡಿಗ್ರಿ ಮೇಲೆ, ಪಕ್ಕದ ಹಲ್ಲಿಗೆ 4 ಡಿಗ್ರಿ ಕೆಳಗೆ. ನಡುವೆ ನಿಲ್ಲಿಸಿ ಬಿಗಿ ಮಾಡಿದರೆ ಮೊದಲನೇ ಗುಂಡಿಗೇ ಟಕ್ ಅಂತ ಜಾರುತ್ತೆ. ಅಂಗಡಿಯವರು "ಅಭ್ಯಾಸ ಆಗುತ್ತೆ ಬಿಡಿ ಸರ್" ಅಂದರು. ಆರು ವಾರ ಆಯ್ತು, ಆಗಿಲ್ಲ.

ಎರಡು ಬೋಲ್ಟಿನ ಸೀಟ್‌ಪೋಸ್ಟ್ (ಸೀಟು ಕೂರೋ ಕೊಳವೆ) ಹಾಕಿದರೆ ಹಲ್ಲಿನ ಕಾಟವಿಲ್ಲದೆ ಕೂದಲೆಳೆಯಷ್ಟು ಬೇಕಾದರೂ ಬಗ್ಗಿಸಬಹುದಂತೆ. ಯಾರಾದರೂ ಬದಲಿಸಿದ್ದೀರಾ? ನನ್ನದರ ಮೇಲೆ 27.2 ಅಂತ ಕೆತ್ತಿದೆ, ಅಂದರೆ ಕೊಳವೆಯ ದಪ್ಪ ಮಿ.ಮೀ.ನಲ್ಲಿ. ಅಥವಾ ಮೊದಲು ಸೀಟನ್ನೇ ಸ್ವಲ್ಪ ಹಿಂದಕ್ಕೆ ಸರಿಸಿ ನೋಡಲಾ?