ಮರು: ಹಳೇ ಪ್ಲೇಟಿನ ಚೀಟಿಗೆ ಟೆಂಪೋ, ಕೀ, ಮೂಡ್ – ಕನ್ನಡದಲ್ಲಿ ಏನು?

ಮೇಡಂ, ನಮಸ್ಕಾರ.

ಪ್ರದರ್ಶನಕ್ಕಿಡುವ ಹಳೇ ಗ್ರಾಮಫೋನ್ ಪ್ಲೇಟುಗಳ ಚೀಟಿಯಲ್ಲಿ ಟೆಂಪೋ (ಹಾಡಿನ ವೇಗ), ಕೀ (ಹಾಡು ನಿಲ್ಲುವ ಆಧಾರ ಸ್ವರ), ಮೂಡ್ ಇವಕ್ಕೆ ಕನ್ನಡದಲ್ಲಿ ಏನು ಬರೆಯಬೇಕು ಎಂದು ಕೇಳಿದ್ದಿರಿ; ಇಲ್ಲಿ ಹಲವರು ಹಲವು ಪದ ಸೂಚಿಸಿದ್ದಾರೆ. ನಾಳೆ ಬೆಳಗ್ಗೆ ಚೀಟಿಗಳು ಪ್ರೆಸ್ಸಿಗೆ ಹೋಗಬೇಕು ಅಂದಿದ್ದೀರಿ. ಹಾಗಾಗಿ ಉತ್ತರ ಮೊದಲು, ವಾದ ಆಮೇಲೆ. ಟೆಂಪೋಗೆ ‘ಕಾಲ’, ಕೀಗೆ ‘ಶ್ರುತಿ’, ಮೂಡಿಗೆ ‘ಭಾವ’. ಮೂರೂ ಬಳಕೆಯಲ್ಲಿರುವ ಪದಗಳೇ, ಹೊಸದಾಗಿ ಟಂಕಿಸುವ ಕೆಲಸ ಇಲ್ಲಿಲ್ಲ. ಹಿಂದೂಸ್ತಾನಿ ಗಾಯಕಿ ಗೌಹರ್ ಜಾನ್ ಅವರ ಠುಮ್ರಿಯ (ಹಿಂದೂಸ್ತಾನಿಯ ಒಂದು ಬಗೆಯ ಭಾವಪ್ರಧಾನ ಹಾಡು) ಪ್ಲೇಟಿಗೆ ಮಾತ್ರ ‘ಕಾಲ’ದ ಬದಲು ‘ಲಯ’ ಹಾಕಿ. ಹಿಂದೂಸ್ತಾನಿಯವರು ವಿಲಂಬಿತ (ನಿಧಾನ) ಲಯ, ದ್ರುತ (ಚುರುಕು) ಲಯ ಅನ್ನುವಾಗ ವೇಗವನ್ನೇ ಹೇಳುತ್ತಿರುತ್ತಾರೆ. ನಮ್ಮ ಕಡೆ ‘ಅವರಿಗೆ ಲಯ ಗಟ್ಟಿ’ ಎಂದರೆ ಅದು ವೇಗದ ಮಾತಲ್ಲ, ತಾಳದ ಹಿಡಿತದ ಮಾತು. ದೇವರನಾಮದ ಪ್ಲೇಟಿಗೆ ‘ಮಧ್ಯಮ ಕಾಲ’ ಎಂದೇ ಇರಲಿ.

ಟೆಂಪೋಗೆ ‘ನಡೆ’ ಬೇಡ. ಅಚ್ಚಗನ್ನಡ ಎಂಬ ಒಂದೇ ಕಾರಣಕ್ಕೆ ಮಂಡ್ಯದ ಮೇಷ್ಟ್ರು ಅದನ್ನು ಎರಡು ಸಲ ಸೂಚಿಸಿದ್ದಾರೆ. ತಿಶ್ರನಡೆ, ಖಂಡನಡೆ ಎಂದಾಗ ಒಂದು ಅಕ್ಷರಕಾಲವನ್ನು, ಅಂದರೆ ತಾಳದ ಒಂದು ಎಣಿಕೆಯನ್ನು, ಮೂರಾಗಿ, ಐದಾಗಿ ಒಡೆಯುವ ಲೆಕ್ಕ ಅದು. ಆ ಪದಕ್ಕೆ ಸಂಗೀತದಲ್ಲಿ ಆಗಲೇ ಬೇರೆ ಕೆಲಸ ಇದೆ. ‘ಗತಿ’ಗೂ ಇದೇ ತಕರಾರು. ‘ಓಟ’ದ ಬಗ್ಗೆ ನಾನು ಮಾತಾಡುವುದಿಲ್ಲ. ಮೂಡಿಗೆ ‘ಮನೋಧರ್ಮ’ವಂತೂ ಪೂರ್ತಿ ತಪ್ಪು. ಮೈಸೂರಿನಲ್ಲಿ ಕಚೇರಿ ಕೇಳುವವರಿಗೆ ಮನೋಧರ್ಮ ಎಂದರೆ ಆಲಾಪನೆ, ನೆರವಲ್, ಕಲ್ಪನಾಸ್ವರ – ಹಾಡುವವರು ಆ ಹೊತ್ತಿಗೇ ಕಲ್ಪಿಸಿ ಬೆಳೆಸುವ ಭಾಗಗಳು. ‘ಮನೋಧರ್ಮ: ಕರುಣ’ ಎಂದು ಚೀಟಿಯಲ್ಲಿ ಓದಿದವರು ಮೂರು ನಿಮಿಷದ ಪ್ಲೇಟಿನಲ್ಲಿ ನೆರವಲ್ ಹುಡುಕುತ್ತಾರೆ.

ಇನ್ನು ಕೀಗೆ ಸೂಚಿಸಿದ ‘ಕೀಲಿ’. ಕೀ ಎಂಬ ಪದವನ್ನು ಎತ್ತಿ ಹಾಗೇ ಇಟ್ಟದ್ದು ಇದು. ಗ್ರಾಮಫೋನ್ ಪಕ್ಕದಲ್ಲಿ ನಿಂತು ಕೀಲಿ ಅಂದರೆ ಒಂದೇ ಅರ್ಥ. ಅಗ್ರಹಾರದ ನಮ್ಮ ಹಳೇ ಮನೆಯಲ್ಲಿ ಹಾಡು ಅರ್ಧಕ್ಕೆ ಬರುವಾಗ ಸ್ಪ್ರಿಂಗು ಸಡಿಲವಾಗಿ ಹಾಡುವವರ ದನಿ ದಪ್ಪಗಾಗುತ್ತಾ, ಎಳೆಯುತ್ತಾ ಇಳಿಯುತ್ತಿತ್ತು. ಅಡುಗೆಮನೆಯಿಂದಲೇ ಅಜ್ಜಿ ‘ಆಕೆ ಗಂಟಲು ಕಟ್ಕೊಳ್ತಾ ಇದೆ, ಕೀಲಿ ಕೊಡೋ’ ಅಂತ ಕೂಗುತ್ತಿದ್ದರು. ಹಿಡಿಯನ್ನು ನಾಲ್ಕು ಸುತ್ತು ತಿರುಗಿಸಿದರೆ ದನಿ ಮತ್ತೆ ಮೇಲೇರಿ ತನ್ನ ಶ್ರುತಿಗೆ ಬಂದು ನಿಲ್ಲುತ್ತಿತ್ತು. ಕೀಲಿ ಬೇರೆ, ಶ್ರುತಿ ಬೇರೆ ಅನ್ನುವುದು ನನಗೆ ಎಂಟನೇ ವಯಸ್ಸಿನಲ್ಲೇ ಗೊತ್ತಿತ್ತು.

ದಯವಿಟ್ಟು ‘ಶೃತಿ’ ಎಂದು ಅಚ್ಚು ಹಾಕಿಸಬೇಡಿ. ನಿಮ್ಮ ಕರಡಿನಲ್ಲಿ ಹಾಗಿದೆ. ಧಾತು ‘ಶ್ರು’, ಕೇಳು ಎಂದು ಅರ್ಥ. ಶ್ರವಣ, ಶ್ರೋತೃ ಎಲ್ಲ ಅದೇ ಮನೆತನದವು. ಕೇಳಿಸಿದ್ದು ಶ್ರುತಿ. ಊರಲ್ಲೆಲ್ಲ ಬೋರ್ಡುಗಳಲ್ಲಿ, ಮದುವೆ ಕಾಗದಗಳಲ್ಲಿ ಈ ತಪ್ಪು ನೋಡಿ ನೋಡಿ ಕಣ್ಣು ನೊಂದಿದೆ. ಸಂಗೀತದ ಪ್ರದರ್ಶನದಲ್ಲಿ ಅದೊಂದು ಆಗಬಾರದು.

ಕೀಗೆ ಕನ್ನಡ ಪದವೇ ಬೇಕು ಅನ್ನುವವರು ಎದುರಿಗಿರುವುದನ್ನು ನೋಡಲಿಲ್ಲ: ಅದು ‘ಮನೆ’. ಒಂದು ಮನೆ, ಒಂದೂವರೆ ಮನೆ, ನಾಲ್ಕೂವರೆ ಮನೆ. ಶ್ರುತಿಯನ್ನು ಎಣಿಸುವುದೇ ಹೀಗೆ: ಹಾರ್ಮೋನಿಯಂನಲ್ಲಿ ಬೆರಳೊತ್ತುವ ಬಿಳಿ ಮನೆಗಳಿಗೆ ಪೂರ್ಣ ಸಂಖ್ಯೆ, ನಡುವಿನ ಕರಿ ಮನೆಗೆ ‘ವರೆ’. ಮೂರಕ್ಕೂ ನಾಲ್ಕಕ್ಕೂ ನಡುವೆ ಕರಿ ಮನೆ ಇಲ್ಲ, ಆದ್ದರಿಂದಲೇ ‘ಮೂರೂವರೆ ಮನೆ’ ಎಂದು ಯಾರೂ ಅನ್ನುವುದಿಲ್ಲ. ಇಷ್ಟು ಲೆಕ್ಕಬದ್ಧವಾದ ಕನ್ನಡ ಪದ ಕೈಯಲ್ಲಿರುವಾಗ ‘ಸ್ವರನೆಲೆ’ ಅಂತ ಕಟ್ಟುವುದೇಕೆ? ‘ಈ ಪ್ಲೇಟು ನಾಲ್ಕೂವರೆ ಮನೆ ಶ್ರುತಿ’ ಅನ್ನುವ ಮಾತಿನಲ್ಲಿ ಇಂಗ್ಲಿಷ್, ಕನ್ನಡ, ಸಂಸ್ಕೃತ ಮೂರೂ ಇವೆ. ಯಾವುದನ್ನು ಹೊರಗೆ ಹಾಕುತ್ತೀರಿ, ಮೇಷ್ಟ್ರೇ? ವಸ್ತುವಿನ ಜೊತೆ ಬಂದ ಪದಕ್ಕೂ ಸೋಮಾರಿತನದಿಂದ ತಂದ ಪದಕ್ಕೂ ವ್ಯತ್ಯಾಸ ಮಾಡದೆ ಎಲ್ಲವನ್ನೂ ಎರವಲು ಎಂದು ಒಂದೇ ಮೂಟೆಗೆ ಕಟ್ಟುವುದನ್ನು ನಾನು ಒಪ್ಪುವುದಿಲ್ಲ.

ಪದ ಸರಿಯಾದರೂ ಸಂಖ್ಯೆ ತಪ್ಪಬಹುದು, ಅದನ್ನೂ ಹೇಳಿಬಿಡುತ್ತೇನೆ. ಆ ಕಾಲದ ಪ್ಲೇಟುಗಳೆಲ್ಲ ನಿಮಿಷಕ್ಕೆ ಸರಿಯಾಗಿ 78 ಸುತ್ತಿನಲ್ಲೇ ಮುದ್ರಣವಾದವಲ್ಲ. ಮೊದಮೊದಲಿನವು 70ರ ಆಸುಪಾಸಿನಿಂದ 80ರ ಮೇಲಿನವರೆಗೂ ಇವೆ. 78ರಲ್ಲಿ ತೆಗೆದದ್ದನ್ನು 82, 83ರಲ್ಲಿ ತಿರುಗಿಸಿದರೆ ಐದು ಮನೆಯಲ್ಲಿ ಹಾಡಿದ್ದು ಐದೂವರೆ ಎಂದು ಕೇಳುತ್ತದೆ. ಕಾಲವೂ ಅಷ್ಟೇ ಏರಿ, ಮೂರು ನಿಮಿಷದ ಹಾಡು ಹತ್ತು ಸೆಕೆಂಡು ಮೊದಲೇ ಮುಗಿಯುತ್ತದೆ. ಪ್ಲೇಟಿನಲ್ಲಿ ಶ್ರುತಿ, ಕಾಲ ಎರಡೂ ಒಂದೇ ದಾರಕ್ಕೆ ಕಟ್ಟಿದವು. ಅದಕ್ಕೇ ಚೀಟಿಯಲ್ಲಿ ‘78 ಸುತ್ತಿನಲ್ಲಿ ಕೇಳಿದಂತೆ’ ಎಂದು ಸೇರಿಸಿ.

ಭಾವದ ಸಾಲಿಗೂ ಇದೇ ಎಚ್ಚರ ಬೇಕು. 1925ರ ಹೊತ್ತಿಗೆ ಮೈಕ್ ಬರುವವರೆಗೂ ಹಾಡುವವರು ದೊಡ್ಡ ಕೊಳವೆಯ ಬಾಯಿಗೆ ಮುಖವಿಟ್ಟು ಗಟ್ಟಿಯಾಗಿ ಹಾಡಬೇಕಿತ್ತು. ಒಂದು ಮಗ್ಗುಲಿಗೆ ಮೂರು, ಮೂರೂವರೆ ನಿಮಿಷ ಮಾತ್ರ. ನಿಧಾನವಾಗಿ ಹರಡಬೇಕಾದ್ದನ್ನು ಅಷ್ಟರಲ್ಲಿ ಮುಗಿಸಬೇಕು. ಆ ಅವಸರ, ಆ ಏರುದನಿ ಅವರ ಭಾವವಲ್ಲ, ಯಂತ್ರದ ಕಟ್ಟಳೆ. ಇನ್ನೊಬ್ಬರು ಸೂಚಿಸಿದಂತೆ ‘ಉತ್ಸಾಹ’ ಎಂದು ಬರೆದರೆ ಅನ್ಯಾಯವಾಗುತ್ತದೆ. ಸಾಹಿತ್ಯ ಓದಿ, ರಾಗ ಗುರುತಿಸಿ, ಮೂರು ಸಲ ಕೇಳಿ, ಆಮೇಲೆ ಒಂದೇ ಪದ ಬರೆಯಿರಿ. 1902ರಲ್ಲಿ ಕಲ್ಕತ್ತೆಯಲ್ಲಿ ಪ್ಲೇಟಿಗೆ ಹಾಡಿದ ಆ ತಾಯಿ ಗೌಹರ್ ಜಾನ್ ಕೊನೆಗೆ ನಾಲ್ವಡಿಯವರ ಆಸ್ಥಾನಕ್ಕೆ ಬಂದು 1930ರ ಜನವರಿಯಲ್ಲಿ ನಮ್ಮ ಮೈಸೂರಲ್ಲೇ ತೀರಿಕೊಂಡರು. ಅವರ ಹೆಸರಿನ ಕೆಳಗೆ ಈ ಊರಲ್ಲಿ ಅಸಡ್ಡೆಯ ಪದ ಇರಬಾರದು.

ಮೂಡಿಗೆ ‘ರಸ’ ಯಾಕಲ್ಲ ಎಂದು ಕೇಳಿದ್ದಿರಿ. ಭಾವ ಹಾಡುವವರದು, ರಸ ಕೇಳುವವರಲ್ಲಿ ಹುಟ್ಟುವುದು. ಚೀಟಿ ಇರುವುದು ಪ್ಲೇಟಿನ ಬಗ್ಗೆ.

ಪ್ರೆಸ್ಸಿಗೆ ಕೊಡುವ ಮುನ್ನ ಕರಡನ್ನು ಇಲ್ಲಿಗೇ ಕಳಿಸಿ. ರಾತ್ರಿ ಹನ್ನೊಂದರವರೆಗೆ ಎದ್ದಿರುತ್ತೇನೆ, ‘ಶ್ರು’ ನೋಡಿ ಕೊಡುತ್ತೇನೆ.